ಅರಿವಳಿಕೆಯ ಕಾಯಕ

ಕನ್ಯಾಪಿತೃಗಳಾದ ಭಕ್ತರೊಬ್ಬರು ವರನ ವಿವರದ ಚೀಟಿಯೊಂದನ್ನು ನಮ್ಮ ಮುಂದಿಟ್ಟು, “ಹುಡುಗ ಅನಸ್ತೇಷಿಯಾ ಟೆಕ್ನಿಷಿಯನ್ ಅಂತೆ. ಡಾಕ್ಟರೂ ಅಲ್ಲ, ಕಂಪೌಂಡರೂ ಅಲ್ಲ. ಇದೆಂಥ ನೌಕರಿ ಅಯ್ಯನವರೆ?” ಎಂದು ಕೇಳಿದರು. ದನಿಯಲ್ಲಿ ಆಗಲೇ ನಿರಾಕರಣೆಯಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಿರುವುದರಿಂದ ಇಲ್ಲಿಯೇ ಉತ್ತರಿಸುವುದು ಲೇಸೆಂದು ತೋರಿತು.

ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ಮದ್ಯ ಕುಡಿಸುವ ಕ್ರಮವನ್ನು ಸುಶ್ರುತಸಂಹಿತೆ ಹೇಳುತ್ತದೆ. ಆದರೆ ನೋವನ್ನು ಪೂರ್ಣವಾಗಿ ಮರೆಸುವ ವಿದ್ಯೆ ಲೋಕಕ್ಕೆ ಸಾರ್ವಜನಿಕವಾಗಿ ತೋರಿದ್ದು 1846ರ ಅಕ್ಟೋಬರ್ 16ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಅಂದು ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿ ಮೂಸಿಸಿ ರೋಗಿಯನ್ನು ಮಲಗಿಸಿದ. ಅದಕ್ಕೂ ಹಿಂದೆ ರೋಗಿಯನ್ನು ಕಟ್ಟಿ ಹಿಡಿದು ಕೊಯ್ಯುತ್ತಿದ್ದರೆಂಬುದನ್ನು ನೆನೆದರೆ ಮೈ ನಡುಗುತ್ತದೆ.

ಇಂದು ಮದ್ದು ಕೊಡುವವರು ಅರಿವಳಿಕೆ ತಜ್ಞ ವೈದ್ಯರು. ಅವರ ಕೈಗೆ ಎಲ್ಲವನ್ನೂ ಅಣಿಗೊಳಿಸಿ ಕೊಡುವವನೇ ಈ ಟೆಕ್ನಿಷಿಯನ್. ಮೊದಲ ರೋಗಿ ಬರುವ ಮುನ್ನವೇ ಅವನ ಕೆಲಸ ಆರಂಭವಾಗಿರುತ್ತದೆ. ಯಂತ್ರದ ಕೊಳವೆಗಳಲ್ಲಿ ಸೋರಿಕೆಯುಂಟೇ? ಕೊಳವೆಯ ಪ್ರಾಣವಾಯು ನಿಂತರೆ ಬದಲಿ ಸಿಲಿಂಡರು ತುಂಬಿದೆಯೇ? ಉಸಿರಿನ ಇಂಗಾಲಾಮ್ಲವನ್ನು ಹೀರುವ ಸೋಡಾ ಲೈಮ್ ಹರಳುಗಳ ಬಣ್ಣ ತಿರುಗಿದೆಯೇ? ಗಂಟಲು ನೋಡುವ ಲ್ಯಾರಿಂಗೋಸ್ಕೋಪಿನ ದೀಪ ಉರಿಯುತ್ತದೆಯೇ? ಹಸುಗೂಸಿಗೆ, ವೃದ್ಧರಿಗೆ ಬೇಕಾದ ಬೇರೆಬೇರೆ ಅಳತೆಯ ನಳಿಕೆಗಳು ಕೈಗೆಟುಕುವಂತಿವೆಯೇ? ಇವೆಲ್ಲವನ್ನೂ ಅವನು ನಿತ್ಯ ಪರೀಕ್ಷಿಸಬೇಕು. ಒಂದು ಅನಿಲದ ಸಿಲಿಂಡರು ಇನ್ನೊಂದರ ಜಾಗದಲ್ಲಿ ಕೂರದಂತೆ ಸೂಜಿಮೊಳೆಗಳ ಏರ್ಪಾಡನ್ನೇ ಯಂತ್ರದಲ್ಲಿ ಮಾಡಿದ್ದಾರೆ. ಹಾಗಿದ್ದೂ ಕಣ್ಣಿನ ಎಚ್ಚರ ತಪ್ಪುವಂತಿಲ್ಲ. ರೋಗಿ ಮಲಗಿದ ಮೇಲೆ ಬೆರಳ ತುದಿಯ ಆಕ್ಸಿಮೀಟರು, ಹೃದಯದ ಗೆರೆ, ರಕ್ತದೊತ್ತಡಗಳತ್ತ ವೈದ್ಯರೊಡನೆ ಅವನದೂ ಒಂದು ಕಣ್ಣು. ತಾನಾಗಿ ಮದ್ದು ಕೊಡುವ ಅಧಿಕಾರ ಅವನಿಗಿಲ್ಲ. ಕೊಡು ಎಂದು ಯಾರಾದರೂ ಒತ್ತಾಯಿಸಿದರೆ ಒಲ್ಲೆನೆನ್ನುವ ಧೈರ್ಯ ಇರಬೇಕು.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಇದರ ಪದವಿ ಶಿಕ್ಷಣವಿದೆ. ಇಂಥ ಸಹವೈದ್ಯಕೀಯ ವೃತ್ತಿಗಳಿಗಾಗಿ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೂ ಮಾಡಿತು. ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನೂ ಇದ್ದಾನೆ, ತಳವಾರ ಕಾಮಿದೇವನೂ ಇದ್ದಾನೆ. ಪರರು ನಿದ್ರಿಸುವಾಗ ಎಚ್ಚರವಿರುವ ತಳವಾರಿಕೆಯನ್ನು ಕೀಳೆಂದು ಅಲ್ಲಿ ಯಾರೂ ಅಳೆಯಲಿಲ್ಲ. ಹುಡುಗನ ನಡತೆ, ಆರೋಗ್ಯಗಳನ್ನು ವಿಚಾರಿಸಿರಿ, ರಾತ್ರಿಪಾಳಿಯ ಬಗೆಗೆ ಮಗಳಿಗೂ ತಿಳಿಸಿರಿ. ಪದನಾಮ ಕೇಳಿಯೇ ಹಿಂದೆಗೆಯಬೇಡಿರೆಂದು ಆ ಭಕ್ತರಿಗೆ ಹೇಳಿದೆವು.

ಇನ್ನು ರೋಗಿಗಳಾಗಿ ಹೋಗುವ ನಮ್ಮವರ ಮಾತು. ಬೆಳಗಿನ ಪೂಜೆಯ ಪಂಚಾಮೃತ, ಬಾಳೆಹಣ್ಣು ಸ್ವೀಕರಿಸಿ, “ಏನನ್ನಾದರೂ ಸೇವಿಸಿದ್ದೀರಾ?” ಎಂದು ಟೆಕ್ನಿಷಿಯನ್ ಕೇಳಿದಾಗ ಇಲ್ಲವೆನ್ನುವ ತಾಯಂದಿರಿದ್ದಾರೆ. ಪ್ರಸಾದವನ್ನು ಆಹಾರವೆಂದೆಣಿಸದ ಆ ಶ್ರದ್ಧೆ ನಮಗೆ ಅರ್ಥವಾಗುತ್ತದೆ. ಹೊಟ್ಟೆಗೆ ಮಾತ್ರ ಆ ಭೇದ ತಿಳಿಯದು. ಅರಿವು ತಪ್ಪಿದಾಗ ಹೊಟ್ಟೆಯಲ್ಲಿದ್ದುದು ಮೇಲೇರಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಹಾಲು, ಲಘು ಆಹಾರಗಳಿಗೆ ಸಾಮಾನ್ಯವಾಗಿ 6 ಗಂಟೆ, ಎಣ್ಣೆ-ತುಪ್ಪದ ಊಟಕ್ಕೆ 8 ಗಂಟೆ, ಬರಿಯ ನೀರಿಗೆ 2 ಗಂಟೆಗಳ ಅಂತರ ಬೇಕೆನ್ನುತ್ತಾರೆ. ವೈದ್ಯರು ನಿಮಗೆ ಹೇಳಿದ ಅವಧಿಯೇ ಪ್ರಮಾಣ. ಪಾದೋದಕದ ಹನಿಯನ್ನೂ ಮರೆಮಾಚದೆ ತಿಳಿಸಿರಿ.

ಕೊರಳಿನ ಬೆಳ್ಳಿಯ ಕರಡಿಗೆಯ ವಿಷಯವೂ ಹೀಗೆಯೇ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಮೈಮೇಲಿನ ಲೋಹದಿಂದ ಸುಟ್ಟಗಾಯವಾಗುವ ಸಂಭವವಿದೆ. ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ವಾದಕ್ಕೆ ನಿಲ್ಲದೆ ಹಿಂದಿನ ದಿನವೇ ಕೇಳಿಕೊಳ್ಳಿರಿ. ಇಷ್ಟಲಿಂಗವನ್ನು ಬರಿಯ ವಸ್ತ್ರದಲ್ಲಿ ಕಟ್ಟಿಕೊಳ್ಳಲು ಅವರು ಒಪ್ಪಬಹುದು. ಒಪ್ಪದಿದ್ದರೆ ಮನೆಯವರೊಬ್ಬರು ಮಡಿವಸ್ತ್ರದಲ್ಲಿ ಅದನ್ನು ಹಿಡಿದು ಹೊರಗೆ ಕುಳಿತಿರಲಿ, ಎಚ್ಚರವಾದೊಡನೆ ರೋಗಿಯ ಕೈಗೆ ಕೊಡಲಿ.