ವೀಣೆಯ ಮೇಣ

ಮದ್ಯ, ಮಾಂಸಗಳೊಡನೆ ಮಧುವಿನ ತ್ಯಾಗವೂ ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದೆಯೆಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಔಷಧಿಯ ನೆಪದಲ್ಲಿಯೂ ಜೇನನ್ನು ಮುಟ್ಟದ ಮನೆಗಳು ಇಂದಿಗೂ ಇವೆ. ಆದರೆ ಅದೇ ಮನೆಯ ನಡುಕೋಣೆಯಲ್ಲಿರುವ ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಜೇನುಮೇಣದ ಮೇಲೆ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಅಹಿಂಸೆಯು ಅಡಿಗೆಮನೆಯ ಹೊಸ್ತಿಲನ್ನು ದಾಟಬಾರದೆಂದು ಯಾವ ಆಚಾರ್ಯರು ವಿಧಿಸಿದರು?

ಹಲಸಿನ ಮರದಿಂದ ಕೊಡವನ್ನೂ ದಂಡಿಯನ್ನೂ ಕೊರೆದ ಬಳಿಕ ಕುಶಲಕರ್ಮಿಯು ಮೇಣಕ್ಕೆ ಇದ್ದಿಲ ಪುಡಿಯನ್ನು ಬೆರೆಸಿ ಕಾಯಿಸುತ್ತಾನೆ. ಆ ಕಪ್ಪು ಮೇಣವನ್ನು ದಂಡಿಯ ಎರಡಂಚಿನಲ್ಲಿ ಏರಿಯಂತೆ ಕಟ್ಟಿ, ಹಿತ್ತಾಳೆಯ ಮೆಟ್ಟಿಲುಗಳನ್ನು ಕಿವಿಯೊಂದನ್ನೇ ಪ್ರಮಾಣವಾಗಿಟ್ಟುಕೊಂಡು ಒಂದೊಂದಾಗಿ ಸ್ವರಸ್ಥಾನದಲ್ಲಿ ಕೂರಿಸುತ್ತಾನೆ. ಮೇಳ ಕಟ್ಟುವ ಈ ವಿದ್ಯೆಯ ಮುಂದೆ ತಲೆಬಾಗುತ್ತೇನೆ. ಆದರೆ ಬಿಸಿಲಿಗೆ ಮೇಣ ಸಡಿಲಗೊಂಡರೆ, ಮೆಟ್ಟಿಲು ಸವೆದರೆ ಮತ್ತೆ ಕಟ್ಟಬೇಕು. ಮತ್ತೆ ಮೇಣ ಬೇಕು. ಹೆಜ್ಜೇನಿಗೆ ಹೊಗೆ ಹಾಕಿ, ಹುಟ್ಟನ್ನು ಕೊಯ್ದಾಗ ಅದರಲ್ಲಿದ್ದ ಮರಿಗಳ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು. ತಿನ್ನುವ ಜೇನೂ ಕಾಯಿಸುವ ಮೇಣವೂ ಬರುವುದು ಒಂದೇ ಹುಟ್ಟಿನಿಂದ.

'ಮೇಣವಿಲ್ಲದೆ ಆ ನಾದ ಬಾರದು' ಎನ್ನುವ ವಿದ್ವಾಂಸರಿದ್ದಾರೆ. ಮೈಸೂರಿನ ವೀಣೆಗೆ ಒಂದು ಕಾಲದಲ್ಲಿ ಆನೆಯ ದಂತದ ಕುಸುರಿಯಿಲ್ಲದೆ ಶೋಭೆಯಿಲ್ಲವೆಂದೂ ಭಾವಿಸಲಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಲ್ಲಿಸಿದವು; ಪ್ಲಾಸ್ಟಿಕ್ ಬಂದಿತು, ವೀಣೆ ಮೂಕವಾಗಲಿಲ್ಲ. ಪಿಟೀಲಿನಲ್ಲಿ ಕುರಿಯ ಕರುಳಿನ ತಂತಿಯ ಸ್ಥಾನವನ್ನು ಉಕ್ಕು ಆಕ್ರಮಿಸಿದೆ. ಸಿತಾರಿನ ಕುದುರೆಗೆ ಬಳಸುವ ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ತಾನಾಗಿಯೇ ಉದುರುತ್ತದೆಂಬ ಸಮಾಧಾನವೂ ಉಂಟು. ನಿಜವೇ, ಆದರೆ ಉದುರಿದ ಕೊಂಬು ಯಾವುದು, ಕೊಂದು ತೆಗೆದದ್ದು ಯಾವುದು ಎಂದು ತುಂಡಾದ ಮೇಲೆ ಹೇಳಬಲ್ಲವರು ಯಾರು? (ಮೃದಂಗದ ಚರ್ಮದ ಮಾತನ್ನು ಇಲ್ಲಿ ಎತ್ತುವುದಿಲ್ಲ, ಅದಕ್ಕೆ ಬೇರೊಂದು ಲೇಖನವೇ ಬೇಕು.)

ಕುಶಲಕರ್ಮಿಯನ್ನು ದೂರುವುದು ಸುಲಭ, ಅನ್ಯಾಯವೂ ಹೌದು. ಅವನು ಕೊಳ್ಳುವವನು ಕೇಳಿದ್ದನ್ನು ಮಾಡುತ್ತಾನೆ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಕಡೆಯ ಎರಡು ನಮ್ಮ ಪಾಲಿನವು. ಮೇಣದ ಬದಲು ಕೃತಕ ವಸ್ತುವಿನ ಮೇಲೆ ಮೆಟ್ಟಿಲನ್ನು ನಿಲ್ಲಿಸುವ ಪ್ರಯೋಗಗಳು ನಡೆದಿವೆ. ಅವು ಪಕ್ವವಾಗಲು ಹಣವೂ ತಾಳ್ಮೆಯೂ ಬೇಕು. ಬಸದಿಯ ಕಳಶಕ್ಕೆ ಲಕ್ಷಗಟ್ಟಲೆ ಹರಾಜು ಕೂಗುವ ನಮ್ಮಲ್ಲಿ, 'ಮೇಣವಿಲ್ಲದ ಮೇಳ ಕಟ್ಟಿಕೊಡಿ, ಎರಡು ಬಾರಿ ಕೆಟ್ಟರೂ ಕೂಲಿ ನಮ್ಮದು' ಎಂದು ವೀಣೆ ಮಾಡುವವನಿಗೆ ಮುಂಗಡ ಕೊಡುವವರು ಎಷ್ಟು ಮಂದಿ?