ಶಾಸ್ತ್ರದಾನಕ್ಕೆ ಬೀಗವೇಕೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಎರಡಕ್ಕೆ ಶ್ರಾವಕ ಸಮಾಜವು ಕೈಬಿಚ್ಚಿ ವ್ಯಯಿಸುತ್ತಿದೆ. ಮೂರನೆಯದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರಿನಲ್ಲಿ ಸಮಾರಂಭಗಳು ನಡೆಯುತ್ತವೆ. ಆಕೆ ಮಾಡಿದ ಕಾರ್ಯ ಮಾತ್ರ ಮುಂದುವರಿಯುತ್ತಿಲ್ಲ.

ಜಮಖಂಡಿ ತಾಲೂಕಿನ ತುಬಚಿಯ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯ ಜೈನ ಶಾಸನಗಳ ಸಂಶೋಧನೆ ಕೈಗೊಂಡನೆಂದಿಟ್ಟುಕೊಂಡರೆ, ಅವನ ಮೊದಲ ಗ್ರಂಥಾಲಯ ಕೈಯಲ್ಲಿರುವ ಮೊಬೈಲ್ ಫೋನೇ. ಗೂಗಲ್ ಸ್ಕಾಲರ್‌ನಲ್ಲಿ ಲೇಖನಗಳನ್ನು ಹುಡುಕುತ್ತಾನೆ. ಶೋಧಗಂಗಾದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ನೋಡುತ್ತಾನೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಗ್ರಂಥಗಳನ್ನು ತೆರೆಯುತ್ತಾನೆ. ಅದೇ ಸೀಮೆಯ ತೇರದಾಳದ ಶಾಸನವನ್ನು ಕೆ.ಬಿ. ಪಾಠಕರು 1885ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದು ಅವನಿಗೆ ಕಾಸು ಖರ್ಚಿಲ್ಲದೆ ದೊರೆಯುತ್ತದೆ. ಆದರೆ ಈಚಿನ ಐವತ್ತು ವರ್ಷಗಳಲ್ಲಿ ಬಸದಿಗಳ ಕುರಿತು ಸಮಾಜವೇ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳನ್ನು ಹುಡುಕಿದರೆ ಬಹುತೇಕ ಬರಿಗೈಯೇ ಗತಿ. ನೂರನಲವತ್ತು ವರ್ಷದ ಹಿಂದಿನದು ಹತ್ತಿರ, ನಿನ್ನೆಯದು ದೂರ. ಇದು ಯಾರ ಲೋಪ?

ಹೊರಗಿನ ಬೀಗಗಳೂ ಉಂಟೆಂಬುದು ನಿಜ. ದೊಡ್ಡ ಪ್ರಕಾಶಕರು ತಮ್ಮ ಪತ್ರಿಕೆಗಳ ಬಹಳಷ್ಟು ಲೇಖನಗಳನ್ನು ಶುಲ್ಕವಿಲ್ಲದೆ ತೋರಿಸುವುದಿಲ್ಲ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂ. ಒದಗಿಸಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸುಮಾರು 6,300 ಸರ್ಕಾರಿ ಸಂಸ್ಥೆಗಳಿಗೆ ದೊರೆಯುವ ಏರ್ಪಾಡು ಅದು. ಯಾವ ಸಂಸ್ಥೆಗೂ ಸೇರದ ಪಂಡಿತನೂ ನಿವೃತ್ತ ಶಿಕ್ಷಕನೂ ಅದರ ಹೊರಗೇ ಉಳಿದರು. ದಾರಿ ಕಾಣದವರು ಸೈ-ಹಬ್‌ನ ಮೊರೆಹೊಕ್ಕರು. ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. 2025ರಲ್ಲಿ ಅದನ್ನು ತಡೆಹಿಡಿಯಲು ಆದೇಶವಾಯಿತು. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಚೌರ್ಯಾಣುವ್ರತಿಗಳು ಅದನ್ನು ಸಮರ್ಥಿಸಲಾರರು. ಆದರೆ ತನ್ನ ಭಂಡಾರವನ್ನೇ ಮುಚ್ಚಿಟ್ಟವನಿಗೆ ವಿದ್ಯಾರ್ಥಿಯನ್ನು ಗದರಿಸುವ ಅಧಿಕಾರವೆಲ್ಲಿಯದು?

ದಾನ ನಿಂತಲ್ಲಿ ಕಳವು ಮೊದಲಾಗುತ್ತದೆಂಬುದಕ್ಕೆ ಧವಲಾ ಟೀಕೆಯ ಇತಿಹಾಸವೇ ಸಾಕ್ಷಿ. ಮೂಡಬಿದಿರೆಯ ತಾಡೋಲೆಗಳು ಶತಮಾನಗಳ ಕಾಲ ದರ್ಶನಕ್ಕಿದ್ದವು, ಅಧ್ಯಯನಕ್ಕಲ್ಲ. ಕಡೆಗೆ ಗೋಪ್ಯವಾಗಿ ಸಿದ್ಧವಾದ ಪ್ರತಿಯ ಮೂಲಕ ಆ ಮಹಾಗ್ರಂಥ ಹೊರಬಂದಿತು. ಡಾ. ಹೀರಾಲಾಲ್ ಜೈನರು 1939ರಿಂದ ಅದನ್ನು 16 ಸಂಪುಟಗಳಲ್ಲಿ ಹೊರತಂದರು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಡಾ. ಆ.ನೇ. ಉಪಾಧ್ಯೆಯವರು ನೆರವಾದರು. ಮುಂದೆ ಮೂಡಬಿದಿರೆಯ ಮೂಲದೊಡನೆ ತಾಳೆ ನೋಡುವ ಅವಕಾಶವೂ ದೊರೆಯಿತು. ಇದರಿಂದ ಆಗಮಕ್ಕೆ ಒದಗಿದ ಹಾನಿ ಏನು? ವಿದ್ವಲ್ಲೋಕವು ಜೈನ ಕರ್ಮಸಿದ್ಧಾಂತದ ಆಳವನ್ನು ಅರಿತದ್ದೊಂದೇ ಫಲ.

ಶಾಸ್ತ್ರವನ್ನು ಕಂಡಕಂಡಲ್ಲಿ ತೆರೆಯುವುದು ಅವಿನಯವೆಂದು ಕೆಲವರು ಆಕ್ಷೇಪಿಸುತ್ತಾರೆ. ಗೆದ್ದಲು ಶಾಸ್ತ್ರವನ್ನು ತಿನ್ನುವಾಗ ಸುಮ್ಮನಿರುವುದು ಯಾವ ವಿನಯ? ಹಣವಿಲ್ಲವೆಂಬ ಮಾತಂತೂ ಅಮೃತಶಿಲೆಯ ನೆಲದ ಮೇಲೆ ನಿಂತು ಆಡುವಂಥದಲ್ಲ.

ಕೇವಲ ಛಾಯಾಚಿತ್ರ ತೆಗೆದರೆ ಸಾಲದೆಂಬುದನ್ನೂ ಟ್ರಸ್ಟುಗಳು ಅರಿಯಬೇಕು. ಚಿತ್ರದಲ್ಲಿರುವ ಅಕ್ಷರ ಹುಡುಕಾಟಕ್ಕೆ ಸಿಗುವುದು ಅನಿಶ್ಚಿತ. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಕಡತವೂ ಹಾಗೆಯೇ: ಮನುಷ್ಯನ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಲೇಖಕ, ಲೇಖನ, ವರ್ಷ, ಪುಟಗಳನ್ನು ಕನ್ನಡ ಮತ್ತು ರೋಮನ್ ಲಿಪಿಗಳೆರಡರಲ್ಲೂ ನಮೂದಿಸಬೇಕು. ‘ಧವಲಾ’ ಎಂದು ಹುಡುಕಿದವನಿಗೂ ‘ಧವಳಾ’ ಎಂದು ಹುಡುಕಿದವನಿಗೂ ಒಂದೇ ಗ್ರಂಥ ದೊರೆಯಬೇಕು. ಹಕ್ಕುಸ್ವಾಮ್ಯ ಉಳಿದಿರುವ ಕೃತಿಗಳಿಗೆ ಲೇಖಕರ ಇಲ್ಲವೆ ವಾರಸುದಾರರ ಲಿಖಿತ ಅನುಮತಿ ಪಡೆಯಬೇಕು. ಅದನ್ನು ಬಿಟ್ಟು ಮಾಡಿದ ದಾನವೂ ಅದತ್ತಾದಾನವೇ.

ಷಟ್ಖಂಡಾಗಮ ಲಿಪಿಬದ್ಧವಾದುದರ ಸ್ಮರಣೆಗೆ ಪ್ರತಿವರ್ಷ ಶ್ರುತಪಂಚಮಿ ಬರುತ್ತದೆ. ಗ್ರಂಥಗಳನ್ನು ಹೊರತೆಗೆದು, ಪೂಜಿಸಿ, ಮತ್ತೆ ಒಳಗಿಟ್ಟು ಬೀಗ ಹಾಕಲಾಗುತ್ತದೆ. ಮುಂದಿನ ಶ್ರುತಪಂಚಮಿಯಂದು ಪ್ರತಿಯೊಂದು ಟ್ರಸ್ಟೂ ತನ್ನ ಭಂಡಾರದ ಸೂಚಿಯನ್ನಾದರೂ ಅಂತರ್ಜಾಲದಲ್ಲಿ ಪ್ರಕಟಿಸಲಿ. ಓದುವವನ ಕೈಸೇರದ ಶಾಸ್ತ್ರಕ್ಕೆ ಎತ್ತಿದ ಆರತಿಯಿಂದ ಶಾಸ್ತ್ರದಾನದ ಪುಣ್ಯ ಲಭಿಸದು.