ನಮೂನೆ ಯಾರದು, ದಂಡ ಯಾರಿಗೆ?

ರೈತ ಬಾಂಧವರೇ, ಕಂಪ್ಯೂಟರ್ ಬಂದರೆ ದಲಾಲಿ ಕಾಟ ತಪ್ಪಿತು ಎನ್ನುವವರನ್ನು ನಂಬುವ ಮೊದಲು ಅಮೆರಿಕದ ವಾಲ್‌ಮಾರ್ಟ್ ಕಡೆ ನೋಡಿ. ಅದಕ್ಕೆ ಮಾಲು ಕೊಡುವವರ ಆರ್ಡರು, ಬಿಲ್ಲು ಯಂತ್ರದಿಂದ ಯಂತ್ರಕ್ಕೇ ಹೋಗಬೇಕು. ಚೀಟಿ ಕಳೆಯೋದಿಲ್ಲ, ನಿಜ. ಆದರೆ ನಮೂನೆ ಕೊಳ್ಳುವವನದು. 2002ರಲ್ಲಿ ಇಂಟರ್‌ನೆಟ್ ಮೂಲಕ ಕಳಿಸುವ ಹೊಸ ಪದ್ಧತಿಗೆ ಬನ್ನಿ ಎಂದು ಅಪ್ಪಣೆಯಾಯಿತು. ಅದಕ್ಕೆ ಬೇಕಾದ ಸಲಕರಣೆಯ ಖರ್ಚು ಮಾರುವವನ ತಲೆಗೇ. 2017ರಲ್ಲಿ ಇನ್ನೊಂದು ಬಂತು: ಹೊತ್ತಿಗೆ ಸರಿಯಾಗಿ ಪೂರಾ ಮಾಲು ಮುಟ್ಟಿಸುವ ಗುರಿ ತಪ್ಪಿದರೆ, ತಪ್ಪಿದ ಮಾಲಿನ ಬೆಲೆಯಲ್ಲಿ ಶೇ. 3 ದಂಡ. ಮುಂಚೆ ಬಂದರೂ ತಪ್ಪೇ ಅಂತೆ! ಲೆಕ್ಕ ಇಡುವವನೂ ಅವನೇ, ಕತ್ತರಿಸುವವನೂ ಅವನೇ. ಇದು ಮಂಡಿಯ ಸೂಟಿಗಿಂತ ಯಾವ ಲೆಕ್ಕದಲ್ಲಿ ಕಮ್ಮಿ? 2018ರಲ್ಲಿ ಇದೇ ಕಂಪನಿ ಬೆಂಗಳೂರಿನ ಫ್ಲಿಪ್‌ಕಾರ್ಟನ್ನು ಕೊಂಡಿತು. ನಾಳೆ ಯಾವುದೇ ಕಂಪನಿಯವ ನಿಮ್ಮ ಟೊಮೇಟೊ ಕೇಳಿ, ಮೊಬೈಲ್ ಹಿಡಿದು 'ಒಪ್ಪಿಗೆ ಒತ್ತಿ' ಅಂದರೆ, ದಂಡದ ಕರಾರು ಎಲ್ಲಿದೆ, ತಕರಾರು ಕೇಳೋರು ಯಾರು ಅಂತ ಮೊದಲು ಕನ್ನಡದಲ್ಲಿ ಬರೆಸಿಕೊಳ್ರಿ.